ರಿವರ್ಸಣ್ಣನ ಸುತ್ತುದಾರಿ

ನಮ್ಮ ಊರಿನ ಬೋರ್ಡು ಪೇಂಟರ್ ಜೀವನದಲ್ಲಿ ಏರಿದ ಅತಿ ಎತ್ತರದ ಜಾಗವೆಂದರೆ ಔಷಧಿ ಅಂಗಡಿಯ ಮುಂದಿನ ಏಣಿ. ಅದರಿಂದಲೂ ಅವನು ಇಳಿದದ್ದು ಕಡಿಮೆ, ಬಿದ್ದದ್ದು ಹೆಚ್ಚು. ತಪ್ಪು ಏಣಿಯದಲ್ಲ. ಬರೆದು ಮುಗಿಸಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ನೋಡಬೇಕು ಎಂದು ಅವನ ಗುರು ಕಲಿಸಿದ್ದ. ಏಣಿಯ ಮೇಲಿರುವಾಗ ಸರಿಯಬಾರದು ಎಂದು ಕಲಿಸುವ ಮೊದಲೇ ಗುರು ತೀರಿಕೊಂಡ.

ಹೀಗೆ ಹಿಂದೆ ಸರಿದು ಅವನು ಚರಂಡಿಗೆ ಬಿದ್ದಿದ್ದಾನೆ, ತರಕಾರಿ ಗಾಡಿ ಉರುಳಿಸಿದ್ದಾನೆ, ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಮಧುಮಗಳ ಪಕ್ಕದಲ್ಲಿ ಶಾಶ್ವತವಾಗಿ ನಿಂತುಬಿಟ್ಟಿದ್ದಾನೆ. ಟ್ಯಾಕ್ಸಿ ಸ್ಟ್ಯಾಂಡಿನವರು ಅವನಿಗೆ ರಿವರ್ಸಣ್ಣ ಎಂದು ಹೆಸರಿಟ್ಟರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳಲು ಅವನಿಗೆ ಬೇರೆ ಕಾರಣಗಳಿದ್ದವು. ಊರಿಗೆ ಫ್ಲೆಕ್ಸ್ ಮೆಷಿನ್ ಬಂದು ಅವನ ಕುಂಚ ಒಣಗಿಹೋಗಿತ್ತು.

ಆ ಹೊತ್ತಿಗೆ ಪುರಸಭೆಯ ಪ್ರವಾಸ ವಿಭಾಗದಿಂದ ಕರೆ ಬಂತು.

ಊರಾಚೆ, ಹಳೇ ಕಲ್ಲುಸೇತುವೆ ದಾಟಿದರೆ, ಕುರುಚಲು ಗುಡ್ಡಗಳಿವೆ. ಮೊಣಕಾಲೆತ್ತರದ ಗಿಡ, ನೇರಳೆ ಹೂವು, ಮಿಕ್ಕಿದ್ದೆಲ್ಲ ಗಾಳಿ. ಗುಡ್ಡದ ಬೆನ್ನಿಗೆ ಹಳೇ ಕಾಡು. ಸೇತುವೆಯಿಂದ ಹೊರಟು ಗುಡ್ಡ ಏರಿ, ಕಾಡು ಹೊಕ್ಕು, ಮತ್ತೆ ಸೇತುವೆಗೇ ಬಂದು ಸೇರುವ ಸುತ್ತುದಾರಿ ಒಂದು ಇದೆ ಎಂದು ಪುರಸಭೆಯ ಬಣ್ಣದ ಕರಪತ್ರ ಹೇಳುತ್ತದೆ. ಅದನ್ನು ನಂಬಿ ಹೋದ ಪ್ರವಾಸಿಗಳನ್ನು ಅಗ್ನಿಶಾಮಕದವರು ಹುಡುಕಿ ತರಬೇಕಾಗುತ್ತಿತ್ತು. ಊರಿನಲ್ಲಿ ಬೆಂಕಿ ಬಿದ್ದರೆ ನಂದಿಸಲು ಜನ ಸಿಗುತ್ತಿರಲಿಲ್ಲ, ಎಲ್ಲರೂ ಗುಡ್ಡದಲ್ಲಿರುತ್ತಿದ್ದರು.

"ದಾರಿಯುದ್ದಕ್ಕೂ ಹಳದಿ ಬಾಣ ಬರೀಬೇಕು," ಎಂದರು ಅಧಿಕಾರಿ ಮೇಡಂ. ಅವರ ಮೇಜಿನ ಮೇಲೆ ಗಾಜಿನಡಿ ಅದೇ ಕರಪತ್ರವಿತ್ತು. "ಕಲ್ಲು, ಮರ, ಎಲ್ಲಿ ಬೇಕೋ ಅಲ್ಲಿ. ದಾರಿ ಗೊತ್ತಾ ನಿಮಗೆ?"

ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ರಿವರ್ಸಣ್ಣನಿಗೆ ಇರಲಿಲ್ಲ.

"ಏನ್ ಮೇಡಂ ಹೀಗ್ ಕೇಳ್ತೀರಿ? ಭಾನುವಾರ ಬಂತು ಅಂದ್ರೆ ನಾನು ಅಲ್ಲೇ. ಗುಡ್ಡ, ಕಾಡು, ಎಲ್ಲ ಅಂಗೈಮೇಲೆ."

"ಜೊತೆಗೆ ಕಾಡಿನ ಗಾರ್ಡ್‌ನ ಕಳಿಸಲಾ?"

"ಅವರ್ಯಾಕೆ ಮೇಡಂ, ಪಾಪ. ನಾನೇ ಬೇಕಾದ್ರೆ ಅವರಿಗೆ ದಾರಿ ತೋರಿಸ್ತೀನಿ."

ಮೇಡಂ ಕನ್ನಡಕ ಸರಿಮಾಡಿಕೊಂಡರು. "ನೋಡಿ, ಒಂದೇ ಷರತ್ತು. ಬರುವ ಶನಿವಾರ ನಾವು ಒಂದಷ್ಟು ಜನ ಆ ಬಾಣ ಹಿಡ್ಕೊಂಡು ನಡೀತೀವಿ. ಹೊರಟೋರೆಲ್ಲ ತಮ್ಮ ಕಾಲ ಮೇಲೆ ತಾವು ನಡ್ಕೊಂಡು ಸೇತುವೆಗೆ ವಾಪಸ್ ಬಂದ್ರೆ ಕೆಲಸ ಪಾಸು. ಆಮೇಲೆ ಊರಿನ ಬಸ್ ಸ್ಟಾಪು, ಬೀದಿ ಹೆಸರು, ಪಾರ್ಕು, ಎಲ್ಲ ಬೋರ್ಡೂ ನಿಮ್ಮದೇ. ಒಬ್ಬರು ಕಳೆದುಹೋದ್ರೂ ಫ್ಲೆಕ್ಸಿನವರಿಗೆ ಕೊಡ್ತೀನಿ."

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಊರಿನ ಬಾಣದ ಪ್ರಶ್ನೆಯಾಗಿ ಉಳಿಯಬಹುದಿತ್ತು. ಅದನ್ನು ಸಂಸಾರದ ಪ್ರಶ್ನೆ ಮಾಡಿದವನು ಷಡ್ಡಕ.

ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ. ಟೈಲ್ಸ್ ಅಂಗಡಿಯ ಮಾಲೀಕ. ಅಂಗಡಿ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಅವನು ಸಂಜೆ ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಒಂದು ನೀಲಿ ಅಂಗಿ ಹಾಸಿದ. ಜೇಬಿನ ಮೇಲೆ ಅಂಗಡಿಯ ಮುದ್ರೆ.

"ಹಾಕಿ ನೋಡಪ್ಪ ಕಲಾವಿದ. ನಿನ್ನ ಅಳತೆಗೇ ಹೊಲಿಸಿದೀನಿ. ಸೋಮವಾರದಿಂದ ಬಂದುಬಿಡು. ಬಾತ್‌ರೂಮ್ ಸೆಕ್ಷನ್ ಖಾಲಿ ಇದೆ."

"ನನಗೆ ಪುರಸಭೆ ಕೆಲಸ ಸಿಕ್ಕಿದೆ ಭಾವ."

"ಕಲ್ಲಿಗೆ ಬಣ್ಣ ಬಳಿಯೋದಾ? ಕೇಳಿದೆ, ಕೇಳಿದೆ. ನಾನು ಹುಡುಗನಾಗಿದ್ದಾಗ ಆ ದಾರೀಲಿ ಓಡ್ತಿದ್ದೆ. ಬಾಣಗೀಣ ಇರ್ಲಿಲ್ಲ. ಶನಿವಾರ ನಾನೂ ಬರ್ತೀನಿ ಅಂತ ಮೇಡಂಗೆ ಹೇಳಿದೀನಿ. ವ್ಯಾಪಾರಿಗಳ ಸಂಘದ ಪರವಾಗಿ."

ರಿವರ್ಸಣ್ಣ ಹೆಂಡತಿಯ ಮುಖ ನೋಡಿದ. ಅವಳು ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನ್ನಿನಲ್ಲಿ ಕೂರುತ್ತಾಳೆ. ಡಾಕ್ಟರ ಮುಂದೆ ಬಾಯಿ ತೆರೆಯುವ ಮೊದಲು ಜನ ಹೇಳುವ ಸುಳ್ಳುಗಳನ್ನು ದಿನವಿಡೀ ಕೇಳುವ ಕೆಲಸ.

"ಭಾನುವಾರ ಭಾನುವಾರ ಗುಡ್ಡಕ್ಕೆ ಹೋಗ್ತೀನಿ ಅಂದ್ರಂತೆ," ಎಂದಳು ಅವಳು, ಭಾವ ಹೋದ ಮೇಲೆ. "ಭಾನುವಾರ ನೀವು ಮಂಚ ಬಿಟ್ಟು ಇಳಿದದ್ದು ನಾನು ನೋಡಿಲ್ಲ."

"ಮಾತಿಗೆ ಹೇಳಿದೆ ಕಣೆ."

"ಮಾತಿಗೆ ಹೇಳಿದ್ದನ್ನ ಕಾಲಲ್ಲಿ ನಡೀಬೇಕು ಈಗ. ನೋಡಿ, ನನಗೆ ನೀವು ಆ ನೀಲಿ ಅಂಗಿ ಹಾಕ್ಕೊಂಡು ಕಮೋಡು ಒರೆಸೋದು ಬೇಡ. ಆದ್ರೆ ಖಾಲಿ ಡಬ್ಬ ಮುಂದೆ ಇಟ್ಕೊಂಡು ಕೂರೋದೂ ಬೇಡ. ಶನಿವಾರ ಪಾಸಾದ್ರೆ ಕುಂಚ. ಇಲ್ಲದಿದ್ರೆ ಸೋಮವಾರ ಟೈಲ್ಸು. ಅಷ್ಟೇ."

ಮಾರನೆಯ ದಿನ ಬೆಳಿಗ್ಗೆ ರಿವರ್ಸಣ್ಣ ಹಳದಿ ಬಣ್ಣದ ಡಬ್ಬ, ಎರಡು ಕುಂಚ, ಒಂದು ಬ್ರೆಡ್ಡಿನ ಪೊಟ್ಟಣ ಹಿಡಿದು ಸೇತುವೆ ದಾಟಿದ. ಗುಡ್ಡದ ಬುಡದಲ್ಲಿ ಸೊಗಸಾದ ಒಂದು ಬಂಡೆ ಇತ್ತು. ಅದರ ಮೇಲೆ ಮೊದಲ ಬಾಣ ಬರೆದ. ಮೂತಿ ಬಲಕ್ಕೆ. ಅವನು ಬರೆದ ಬಾಣಗಳೆಲ್ಲ ಬಲಕ್ಕೇ, ಅಭ್ಯಾಸ ಹಾಗೆ. ಅಲ್ಲಿ ಬಲಕ್ಕೆ ಇದ್ದದ್ದು ಅವನು ಈಗಷ್ಟೇ ದಾಟಿ ಬಂದ ಸೇತುವೆ. ಅದನ್ನು ಅವನು ಗಮನಿಸಲಿಲ್ಲ. ಬಾಣದ ಬಾಲ ಸ್ವಲ್ಪ ದಪ್ಪವಾಯಿತೇನೋ ಎಂಬುದು ಅವನ ಚಿಂತೆಯಾಗಿತ್ತು.

ನೋಡಲು ಹಿಂದೆ ಸರಿದ.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ಊರಿನಲ್ಲಿ ಅವನನ್ನು ತಡೆಯಲು ಚರಂಡಿ, ಗಾಡಿ, ಗೋಡೆ ಇದ್ದವು. ಗುಡ್ಡದಲ್ಲಿ ಏನೂ ಇರಲಿಲ್ಲ. ಮೂವತ್ತು ವರ್ಷದ ವೃತ್ತಿಯಲ್ಲಿ ಮೊದಲ ಬಾರಿಗೆ ಅವನಿಗೆ ಬೇಕಾದಷ್ಟು ಹಿಂದೆ ಸರಿಯುವ ಸ್ವಾತಂತ್ರ್ಯ ಸಿಕ್ಕಿತ್ತು. ಅವನು ಸರಿದ. ಬಾಣ ಅಂಗೈಯಷ್ಟಾಯಿತು. ಇನ್ನೂ ಸರಿದ. ಹೆಬ್ಬೆರಳಷ್ಟಾಯಿತು, ಆದರೂ ಎಷ್ಟು ಚೆಂದ ಕಾಣುತ್ತಿತ್ತು! ನೇರಳೆ ಹೂವಿನ ನಡುವೆ ಹಳದಿ ಚುಕ್ಕೆ. ಬೆನ್ನು ಇನ್ನೊಂದು ಬಂಡೆಗೆ ತಾಗಿದಾಗ ಅವನು ಕಣ್ಣೊರೆಸಿಕೊಂಡ.

ಎರಡನೆಯ ಬಾಣವನ್ನು ಈ ಬಂಡೆಗೆ ಬರೆಯುವುದೆಂದು ತೀರ್ಮಾನವಾಯಿತು. ಮೂತಿ ಯಾವ ಕಡೆ? ಅವನ ತರ್ಕ ಹೀಗಿತ್ತು: ಇಲ್ಲಿ ನಿಂತವನಿಗೆ ಆ ಬಾಣ ಇಷ್ಟು ಚೆಂದ ಕಾಣುತ್ತಿರುವಾಗ ಅವನು ಅಲ್ಲಿಗೆ ಹೋಗದೆ ಮತ್ತೆಲ್ಲಿಗೆ ಹೋಗಬೇಕು? ಆದ್ದರಿಂದ ಎರಡನೆಯದು ಮೊದಲನೆಯದರ ಕಡೆಗೆ. ಬರೆದ. ನೋಡಲು ಹಿಂದೆ ಸರಿದ. ಮೂರನೆಯದು ಎರಡನೆಯದರ ಕಡೆಗೆ.

ಹೀಗೆ ಆ ಮನುಷ್ಯ ಇಡೀ ಗುಡ್ಡವನ್ನು ಬೆನ್ನಿನಿಂದ ಹತ್ತಿ ಬೆನ್ನಿನಿಂದ ಇಳಿದ. ತಾನು ಹೋಗುತ್ತಿರುವ ಕಡೆ ಒಮ್ಮೆಯೂ ನೋಡಲಿಲ್ಲ. ಅವನು ನೋಡಿದ್ದೆಲ್ಲ ತಾನು ಬಿಟ್ಟುಬಂದದ್ದನ್ನು. ಕಾಲಡಿ ಮುಳ್ಳಿದ್ದಾಗ ಇನ್ನೂ ಗುಡ್ಡ ಎಂದುಕೊಂಡ. ತರಗೆಲೆ ಬಂದಾಗ ಕಾಡು ಬಂತು ಎಂದುಕೊಂಡ. ಎರಡರ ನಡುವೆ ಸ್ವಲ್ಪ ಹೊತ್ತು ನೆಲ ನುಣ್ಣಗಿತ್ತು, ಯಾರೋ ಒಗ್ಗರಣೆ ಹಾಕಿದ ವಾಸನೆಯೂ ಬಂದಂತಿತ್ತು. ಪ್ರಕೃತಿ ವಿಚಿತ್ರ ಎಂದುಕೊಂಡು ಮುಂದೆ, ಅಂದರೆ ಹಿಂದೆ, ಸರಿದ.

ಸಂಜೆಗೆ ಅವನ ಬೆನ್ನು ಒಂದು ಕಲ್ಲಿನ ಕಂಬಕ್ಕೆ ತಾಗಿತು. ತಿರುಗಿ ನೋಡಿದರೆ ಸೇತುವೆ! ಹೊರಟಲ್ಲಿಗೇ ಬಂದಿದ್ದ. ಸುತ್ತುದಾರಿ ಎಂದರೆ ಇದೇ ಅಲ್ಲವೆ? ಕೊನೆಯ ಬಾಣವನ್ನು ಆ ಕಂಬಕ್ಕೆ ಬರೆದು, ಅದನ್ನು ಮಾತ್ರ ಎರಡೇ ಹೆಜ್ಜೆ ಸರಿದು ನೋಡಿದ. ಕೆಳಗೆ ಹೊಳೆ ಇತ್ತು.

ಶನಿವಾರ ಬೆಳಿಗ್ಗೆ ಸೇತುವೆಯ ಬಳಿ ಜನ ಸೇರಿದರು. ಮೇಡಂ ಹೊಸ ಬೂಟು ಹಾಕಿದ್ದರು. ಕಾಡಿನ ಗಾರ್ಡು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿದ್ದ. ಷಡ್ಡಕ ಕೋಲು, ಟೋಪಿ, ಕೊರಳಲ್ಲಿ ದುರ್ಬೀನು. ಹೆಂಡತಿ ರಜೆ ಹಾಕಿ ಬಂದಿದ್ದಳು. ರಿವರ್ಸಣ್ಣನ ಮುಖದಲ್ಲಿ ಊರಿಗೆ ಸೇತುವೆ ಕಟ್ಟಿಸಿಕೊಟ್ಟವನ ಕಳೆ ಇತ್ತು.

ಮೊದಲ ತೊಡಕು ಮೊದಲ ಕಂಬದಲ್ಲೇ ಕಾಣಿಸಿತು.

"ಮೇಡಂ," ಎಂದ ಗಾರ್ಡು, "ದಾರಿ ಎಡಕ್ಕೆ, ಗುಡ್ಡದ ಕಡೆ. ಬಾಣ ಬಲಕ್ಕೆ, ಕಾಡಿನ ಕಡೆ ಇದೆ."

ರಿವರ್ಸಣ್ಣ ಆ ಬಾಣ ಎಲ್ಲಿಗೆ ತೋರಿಸುತ್ತದೆಂದು ಈಗಷ್ಟೇ ನೋಡಿದ. ಆದರೆ ಬಾಯಿ ಎಂದಿನಂತೆ ಧೈರ್ಯವಾಗಿತ್ತು. "ಗಾರ್ಡ್ ಸಾಹೇಬ್ರೇ, ನೀವು ಕೊನೇ ಸಲ ಈ ದಾರಿ ಪೂರ್ತಿ ನಡೆದದ್ದು ಯಾವಾಗ?"

ಸುಮ್ಮನೆ ಕೇಳಿದ್ದು. ಗಾರ್ಡು ಮಾತ್ರ ಕೆಂಪಗಾದ. "ದಿನಾ ನಡೀತೀನಿ! ಅಂದ್ರೆ... ಬಲಗಡೆಯಿಂದಾನೂ ಹೋಗಬಹುದು. ಸುತ್ತು ತಾನೆ."

"ಸುತ್ತು ತಾನೆ," ಎಂದರು ಮೇಡಂ ಬೇಗ. ಅವರು ಕರಪತ್ರ ಬರೆದದ್ದು ಕಚೇರಿಯ ಕಿಟಕಿಯಿಂದ ಗುಡ್ಡ ನೋಡಿ.

"ನಾನು ಹುಡುಗನಾಗಿದ್ದಾಗಲೂ ಬಲಗಡೆಯಿಂದಲೇ ಹೋಗ್ತಿದ್ವಿ," ಎಂದ ಷಡ್ಡಕ.

ಹೆಂಡತಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಬಾಣದ ಕಡೆ ನಡೆದಳು.

ಕಾಡು ಬಹಳ ಚೆನ್ನಾಗಿತ್ತು. ಮರಗಳು ಒಂದೊಂದೂ ನಾಲ್ಕು ಜನ ಕೈ ಹಿಡಿದು ತಬ್ಬುವಷ್ಟು ದಪ್ಪ. ತೊಗಟೆಯ ಮೇಲೆ ಪಾಚಿ, ಪಾಚಿಯ ಮೇಲೆ ಬಿಸಿಲಿನ ತೇಪೆ. ಒಂದು ಬಾಣದ ಬಳಿ ನಿಂತರೆ ದೂರದ ಮರದಲ್ಲಿ ಮುಂದಿನ ಬಾಣ ಕರೆಯುವಂತೆ ಕಾಣುತ್ತಿತ್ತು. ಮೇಡಂ "ಆಹಾ" ಎಂದರು. ಗಾರ್ಡು, ಈ ಮರಗಳನ್ನು ತಾನೇ ನೆಟ್ಟವನಂತೆ, "ಹೌದು ಮೇಡಂ" ಎಂದ. ಷಡ್ಡಕ ದುರ್ಬೀನಿನಲ್ಲಿ ಹತ್ತಿರದ ಮರವೊಂದನ್ನು ನೋಡಿ, ಏನೂ ಕಾಣದೆ, ಒಳ್ಳೆಯ ದೃಶ್ಯ ಎಂದ.

ಆಮೇಲೆ ಒಂದು ಬಾಗಿಲು ಬಂತು.

ಕಾಡಿನ ಅಂಚಿನಲ್ಲಿ ಹೆಂಚಿನ ಮನೆ. ಹಿತ್ತಿಲ ಬಾಗಿಲಿನ ಚೌಕಟ್ಟಿಗೆ ಅಂದವಾದ ಹಳದಿ ಬಾಣ. ಮೂತಿ ಮನೆಯ ಒಳಗೆ.

ಎಲ್ಲರೂ ನಿಂತರು. ಗಾರ್ಡಿನ ಮುಖ ಬಿಳಿಚಿಕೊಂಡಿತು.

"ಇದು ಯಾರ ಮನೆ?" ಎಂದರು ಮೇಡಂ.

ಗಾರ್ಡು ಉತ್ತರ ಹುಡುಕುತ್ತಿರುವಾಗಲೇ ಒಳಗಿನಿಂದ ಹೆಣ್ಣುದನಿ ಕೇಳಿತು. "ಇವತ್ತೇನು ಇಷ್ಟು ಬೇಗ? ದಿನಾ ಹತ್ತೂವರೆಗೆ ಬಂದು ಮಲಗೋರು! ಹಾಸಿಗೆ ಇನ್ನೂ ಹಾಸಿಲ್ಲ!"

ಸೌಟು ಹಿಡಿದು ಬಾಗಿಲಿಗೆ ಬಂದ ಗಾರ್ಡಿನ ಹೆಂಡತಿ ಗಂಡನ ಬೆನ್ನ ಹಿಂದೆ ಪುರಸಭೆಯನ್ನೇ ಕಂಡಳು. ಊರಿನವರು ಅವಳನ್ನು ಗಾರ್ಡಮ್ಮ ಎನ್ನುತ್ತಾರೆ, ಯಾಕೆಂದರೆ ಅಲ್ಲಿ ಕಾವಲು ಕಾಯುವುದು ಅವಳೇ.

"ಓ, ಬಾಣದೋರು!" ಎಂದಳು ರಿವರ್ಸಣ್ಣನನ್ನು ನೋಡಿ. "ಮುಖ ಇವತ್ತೇ ನೋಡಿದ್ದು. ಅವತ್ತು ಬರೀ ಬೆನ್ನು ನೋಡಿದ್ದೆ."

"ಏನಂದ್ರಿ?" ಎಂದರು ಮೇಡಂ.

"ಹೂಂ ಮೇಡಂ. ಅಂಗಳದಲ್ಲಿ ನಮ್ಮ ನೀರಿನ ಡ್ರಮ್ಮಿಗೆ ಬಾಣ ಬರೆದ್ರು. ಆಮೇಲೆ ಅದನ್ನೇ ನೋಡ್ತಾ ನೋಡ್ತಾ ಹಿಂದುಹಿಂದಕ್ಕೆ ಮುಂಬಾಗಿಲಲ್ಲಿ ಬಂದ್ರು, ನಡುಮನೆ ದಾಟಿದ್ರು, ಅಡುಗೆಮನೆಗೆ ಬಂದ್ರು. ನಾನು ಒಲೆ ಮುಂದೆ ಇದೀನಿ. 'ಅಮ್ಮಾ ಸ್ವಲ್ಪ ತಲೆ ಬಗ್ಗಿಸಿ, ಬಾಣ ಮರೆಯಾಗ್ತಿದೆ' ಅಂದ್ರು. ಸರ್ಕಾರಿ ಕೆಲಸ ಇರಬೇಕು ಅಂತ ಬಗ್ಗಿಸಿದೆ. ಎರಡು ಬಾಗಿಲ ನಡುವೆ ಡ್ರಮ್ಮು ಚೌಕಟ್ಟು ಹಾಕಿದ ಚಿತ್ರದ ಥರ ಕಾಣುತ್ತೆ ಅಂತ ಒಬ್ರೇ ಹೇಳ್ಕೊಂಡು, ಹಿತ್ತಿಲಲ್ಲಿ ಹೋಗೇಬಿಟ್ರು. ಒಂದ್ಸಲ ತಿರುಗಿ ನೋಡ್ಲಿಲ್ಲ!"

ಮೇಡಂ ಬಾಣದ ಕಡೆಯಿಂದ ರಿವರ್ಸಣ್ಣನ ಕಡೆ ತಿರುಗಿದರು.

"ನೀವು," ಎಂದರು ಮೇಡಂ ನಿಧಾನವಾಗಿ, "ಇಡೀ ದಾರೀನ ಹಿಮ್ಮುಖವಾಗಿ ನಡೆದಿದೀರಾ?"

"ಮೇಡಂ, ನಮ್ಮ ಕಸುಬಿನಲ್ಲಿ..."

"ಅಂದ್ರೆ ಇದು ಆ ದಾರಿನೇ ಅಲ್ಲ!"

ಷಡ್ಡಕನ ಸಂತೋಷ ಕೋಲಿನ ತುದಿಯವರೆಗೂ ಇಳಿಯಿತು. "ನಾನು ಕಂಬದ ಹತ್ರಾನೇ ಅನ್ಕೊಂಡೆ! ಹೋಗ್ಲಿ ಬಿಡಪ್ಪ, ಬೇಜಾರು ಮಾಡ್ಕೋಬೇಡ. ಸೋಮವಾರ ಒಂಬತ್ತಕ್ಕೆ. ಅಂಗಿ ಇಸ್ತ್ರಿ ಮಾಡಿಸಿಟ್ಟಿರ್ತೀನಿ."

ರಿವರ್ಸಣ್ಣ ಹೆಂಡತಿಯ ಕಡೆ ನೋಡಲಿಲ್ಲ. ಚೌಕಟ್ಟಿನ ಮೇಲಿನ ಬಾಣ ನೋಡಿದ. ಅದು ಈಗಲೂ ಅವನಿಗೆ ಚೆನ್ನಾಗಿಯೇ ಕಂಡಿತು.

"ಈಗ ನಿಜವಾದ ದಾರೀಲಿ ವಾಪಸ್ ಹೋಗೋಣ," ಎಂದರು ಮೇಡಂ. "ಗಾರ್ಡ್, ನಡೀರಿ ಮುಂದೆ."

ಗಾರ್ಡು ಕೆಮ್ಮಿದ. ಗುಡ್ಡದ ಮೇಲಿಂದ ದಾರಿ ಸ್ವಲ್ಪ ಮಸುಕು ಮಸುಕಾಗಿದೆ ಎಂದ. ಮನೆಯಿಂದ ಊರಿಗಾದರೆ ಸ್ಕೂಟರ್ ರಸ್ತೆ ಇದೆ, ಆದರೆ ನಡೆದರೆ ಅರ್ಧ ದಿನ, ಸ್ಕೂಟರಿನಲ್ಲಿ ಇಬ್ಬರೇ ಕೂರಬಹುದು ಎಂದ.

"ನಾನಿರೋವಾಗ ಗಾರ್ಡು ಯಾಕೆ?" ಎಂದ ಷಡ್ಡಕ. "ಬನ್ನಿ ನನ್ನ ಹಿಂದೆ. ಈ ಗುಡ್ಡ ನನಗೆ ಅಂಗಡಿಯ ಗೋಡೌನ್ ಇದ್ದ ಹಾಗೆ."

ಅವನು ಮುಂದೆ, ಉಳಿದವರು ಹಿಂದೆ, ಗುಡ್ಡ ಹತ್ತಿದರು. ಕುರುಚಲು ಗುಡ್ಡದ ಗುಣ ಏನೆಂದರೆ ಎಲ್ಲ ಕಡೆಯೂ ಅದು ಒಂದೇ ರೀತಿ ಕಾಣುತ್ತದೆ. ಒಂದು ಗಿಡ, ಒಂದು ಕಲ್ಲು, ಒಂದು ಗಾಳಿ. ಷಡ್ಡಕ ಒಂದೊಂದು ಬಂಡೆಗೂ ಹಳೆಯ ಪರಿಚಯದವನಂತೆ ತಲೆಯಾಡಿಸುತ್ತಾ ಹೋದ. ದುರ್ಬೀನು ಹಿಡಿದು, "ಅಗೋ ಒಂದು ಮನೆ! ಸೇತುವೆ ಹತ್ರದ ಮನೆ ಅದು!" ಎಂದ. ಎಲ್ಲರೂ ಹುರುಪಿನಿಂದ ಇಳಿದರು. ಅಂಗಳದಲ್ಲಿ ಗಾರ್ಡಮ್ಮ ಬಟ್ಟೆ ಒಣಹಾಕುತ್ತಿದ್ದಳು.

"ಏನಾದ್ರೂ ಮರೆತುಹೋದ್ರಾ?" ಎಂದಳು.

ಷಡ್ಡಕ, ಇದು ಸುಮ್ಮನೆ ಕಾಲು ಸಡಿಲ ಮಾಡಿಕೊಳ್ಳಲು ಎಂದ. ಈ ಬಾರಿ ಸೂರ್ಯನನ್ನು ಎಡಕ್ಕಿಟ್ಟುಕೊಂಡು ಹೊರಟ. ಮೋಡ ಬಂದು ಸೂರ್ಯ ಎಲ್ಲಿದ್ದಾನೆಂದೇ ತಿಳಿಯದಾಯಿತು. ಮೇಡಂ ಹೊಸ ಬೂಟು ಕಳಚಿ ಕೈಯಲ್ಲಿ ಹಿಡಿದರು. ಬಹಳ ಹೊತ್ತಿನ ಮೇಲೆ ಒಂದು ದಿಬ್ಬ ಇಳಿದರೆ ಅದೇ ಅಂಗಳ, ಅದೇ ಬಟ್ಟೆ. ಒಣಗಿದ್ದವು.

"ಹೀಗೇ ಬರ್ತಾ ಇರಿ," ಎಂದಳು ಗಾರ್ಡಮ್ಮ. "ಮನೆಗೆ ಜನ ಬಂದ್ರೆ ನನಗೂ ಹೊತ್ತು ಹೋಗುತ್ತೆ." ಮೂರನೆಯ ಸಲ ಬರುವಷ್ಟರಲ್ಲಿ ಅವಳು ಸ್ಟೂಲುಗಳನ್ನು ಹೊರಗಿಟ್ಟು, ಚಹಾ ಮಾಡಿ, ಲೋಟ ಜೋಡಿಸಿದ್ದಳು.

ಚಹಾ ಕುಡಿಯುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ರಿವರ್ಸಣ್ಣನ ಹೆಂಡತಿ ಲೋಟ ತೊಳೆಯಲೆಂದು ನೀರಿನ ಡ್ರಮ್ಮಿನ ಬಳಿ ಹೋದಳು. ಅಲ್ಲಿ ನಿಂತು ಬಾಣ ನೋಡಿದಳು, ಬಾಣದ ಮೂತಿ ನೋಡಿದಳು, ಮೂತಿ ತೋರಿಸುವ ಕಡೆ ನೋಡಿದಳು. ದೂರದ ದಿಬ್ಬದ ಮೇಲೆ, ಕಡುಬಣ್ಣದ ಬಂಡೆಯ ನಡುವೆ, ಸಾಸಿವೆಯಷ್ಟು ಹಳದಿ.

"ನಾನು ಹೊರಟೆ," ಎಂದಳು.

"ಎಲ್ಲಿಗೆ?" ಎಂದರು ಮೇಡಂ.

"ಅಲ್ಲಿಗೆ. ಬಾಣ ಇದೆಯಲ್ಲ."

"ಅದು ಸರಿಯಾದ ದಾರಿ ಅಲ್ಲವಲ್ಲಮ್ಮ."

"ಸರಿಯಾದ ದಾರೀಲಿ ಮೂರು ಸಲ ಇಲ್ಲಿಗೇ ಬಂದ್ವಿ ಮೇಡಂ. ಇವರು ಬೆನ್ನುಮುಂದಾಗಿ ಬಂದಿರಬಹುದು, ಆದ್ರೆ ಸೇತುವೆಯಿಂದ ಬಂದು ಸೇತುವೆಗೆ ಹೋಗಿದಾರೆ. ನೀವು ಬಂದ್ರೆ ಬನ್ನಿ."

ಹೋದಳು. ಮೇಡಂ ಬೂಟು ಹಾಕಿಕೊಂಡು ಹಿಂದೆಯೇ ಹೋದರು. ಗಾರ್ಡು ಹಾಸಿಗೆಯ ಕಡೆ ನೋಡಿದ. ಗಾರ್ಡಮ್ಮ ಅವನ ಕಡೆ ನೋಡಿದಳು. ಅವನೂ ಹೋದ. ರಿವರ್ಸಣ್ಣ ಎದ್ದು, "ಬನ್ನಿ ಭಾವ," ಎಂದ.

"ಬಾಣ ನೋಡ್ಕೊಂಡು ನಡೆಯೋಕೆ ನಾನೇನು ಟೂರಿಸ್ಟಾ? ನೀವು ಹೋಗಿ. ನಿಮಗಿಂತ ಮೊದಲು ನಾನು ಸೇತುವೆ ಮೇಲೆ ಕೂತಿರ್ತೀನಿ," ಎಂದ ಷಡ್ಡಕ, ಮತ್ತು ಕೋಲು ಬೀಸುತ್ತಾ ಬೇರೊಂದು ದಿಕ್ಕಿಗೆ ನಡೆದ.

ಗುಡ್ಡದ ಮೇಲಿನ ಆ ನಡಿಗೆಯಲ್ಲಿ ಮೇಡಂ ಮೊದಲು ಸಿಟ್ಟಿನಲ್ಲಿದ್ದರು, ಆಮೇಲೆ ಸುಮ್ಮನಾದರು, ಆಮೇಲೆ ಪ್ರಶ್ನೆ ಕೇಳತೊಡಗಿದರು. ಪ್ರತಿ ಬಾಣದ ಬಳಿ ನಿಂತು ಕತ್ತೆತ್ತಿದರೆ ಮುಂದಿನದು ಕಂಡೇ ಕಾಣುತ್ತಿತ್ತು. ಹುಡುಕಬೇಕಾಗಿಯೇ ಇರಲಿಲ್ಲ.

"ಇದು ಹೇಗ್ರೀ ಸಾಧ್ಯ?"

"ಕಾಣೋ ಜಾಗ ಸಿಗೋವರೆಗೂ ನಾನು ಇನ್ನೊಂದು ಬರೆಯೋದೇ ಇಲ್ಲ ಮೇಡಂ," ಎಂದ ರಿವರ್ಸಣ್ಣ. ಅವನಿಗೂ ಅದು ಈಗಷ್ಟೇ ಹೊಳೆದಿತ್ತು. ಆದರೆ ಬಹಳ ಹಿಂದೆಯೇ ಯೋಚಿಸಿ ಇಟ್ಟವನಂತೆ ಹೇಳಿದ.

ಗುಡ್ಡದ ಬುಡದ ಬಂಡೆ ಬಂತು. ಮೂತಿ ಬಲಕ್ಕೆ. ಬಲಕ್ಕೆ ಸೇತುವೆ. ಸೇತುವೆಯ ಮೇಲೆ ಷಡ್ಡಕ ಇರಲಿಲ್ಲ.

ಕಾದರು. ನೆರಳು ಉದ್ದವಾಯಿತು. ಮೇಡಂ ಗಡಿಯಾರ ನೋಡಿಕೊಂಡರು. "ಷರತ್ತು ನೆನಪಿದೆ ತಾನೆ? ಹೊರಟೋರೆಲ್ಲ ಬರಬೇಕು. ಅಗ್ನಿಶಾಮಕಕ್ಕೆ ಫೋನ್ ಮಾಡೋ ಹಾಗಾದ್ರೆ ನನ್ನ ಕೈಲಿ ಏನೂ ಇಲ್ಲ."

"ಅವರು ಬಾಣ ಬಿಟ್ಟು ಹೋದ್ರು ಮೇಡಂ," ಎಂದಳು ಹೆಂಡತಿ.

"ಬಿಟ್ಟು ಹೋದೋರನ್ನೂ ವಾಪಸ್ ತರೋದೇ ದಾರಿಯ ಕೆಲಸ ಅಲ್ವೇನಮ್ಮ?"

ಗಂಡನ ಕಡೆ ತಿರುಗಿದಳು. "ರೀ, ಹೋಗಿ ಕರ್ಕೊಂಡು ಬನ್ನಿ."

"ಈ ಕಡೆಯಿಂದ ಹೋದ್ರೆ ಬಾಣ ಕಾಣಲ್ಲ ಕಣೆ. ಎಲ್ಲದರ ಮುಖ ಆಚೆಗಿದೆ. ದಾಟಿ ಹೋಗಿ ತಿರುಗಿ ನೋಡಬೇಕು."

"ಅದೇನು ನಿಮಗೆ ಹೊಸದಾ?"

ನಿಜವೆ. ರಿವರ್ಸಣ್ಣ ಬಂಡೆಯ ಮುಂದೆ ನಿಂತು, ಮೊದಲ ಬಾಣದ ಮೇಲೆ ಕಣ್ಣಿಟ್ಟು, ಗುಡ್ಡಕ್ಕೆ ಬೆನ್ನು ಹಾಕಿ ಹಿಂದೆ ಸರಿಯತೊಡಗಿದ. ಹೆಂಡತಿ, ಮೇಡಂ, ಗಾರ್ಡು ಮೂವರೂ ನೋಡುತ್ತಿದ್ದಂತೆ ಅವನ ಮುಖ ಚಿಕ್ಕದಾಗುತ್ತಾ ಆಗುತ್ತಾ ಹೋಯಿತು. ಕೊನೆಯವರೆಗೂ ಅವರ ಕಡೆಗೇ ಇತ್ತು. ಮೇಡಂ ಒಮ್ಮೆ ಕೈ ಬೀಸಿದರು. ಏಕೆಂದು ಅವರಿಗೇ ತಿಳಿಯಲಿಲ್ಲ.

ನಾಲ್ಕೈದು ಬಂಡೆ ದಾಟಿದ ಮೇಲೆ ಅವನ ಬೆನ್ನಿಗೆ ಏನೋ ತಾಗಿತು. ಆ ಗುಡ್ಡದ ಕಲ್ಲುಗಳನ್ನೆಲ್ಲ ಅವನ ಬೆನ್ನು ಬಲ್ಲದು. ಇದು ಮೆತ್ತಗಿತ್ತು, ಬೆಚ್ಚಗಿತ್ತು, "ಅಯ್ಯಯ್ಯೋ" ಎಂದಿತು.

"ಭಾವ?"

ಷಡ್ಡಕ ಬಂಡೆಯ ಮೇಲೆ ಕೂತಿದ್ದ. ಟೋಪಿ ಗಾಳಿಗೆ ಹೋಗಿತ್ತು. ಕೋಲು ಎಲ್ಲೋ ಬಿದ್ದಿತ್ತು. ದುರ್ಬೀನು ಮಾತ್ರ ಕೊರಳಿಗೆ ಜೋತಿತ್ತು.

"ದೃಶ್ಯ ನೋಡ್ತಾ ಇದೀನಿ," ಎಂದ.

"ಎಲ್ಲರೂ ಕಾಯ್ತಿದಾರೆ. ಬನ್ನಿ, ಹೋಗೋಣ."

"ನಾನು ಬರದಿದ್ರೆ?" ಷಡ್ಡಕನ ಕಣ್ಣಿನಲ್ಲಿ ವ್ಯಾಪಾರದ ಬೆಳಕು ಬಂತು. "ನಾನು ಬರದಿದ್ರೆ ನೀನು ಫೇಲು. ಅಲ್ವಾ? ಅಂಗಡಿಗೆ ಬರ್ತೀನಿ ಅಂತ ಒಪ್ಕೋ. ಎದ್ದು ಬರ್ತೀನಿ."

ರಿವರ್ಸಣ್ಣ ಸ್ವಲ್ಪ ಹೊತ್ತು ಯೋಚಿಸಿದ. ಜೀವನದಲ್ಲಿ ಅವನು ಹೀಗೆ ನಿಂತು ಯೋಚಿಸಿದ್ದು ಅಪರೂಪ.

"ಬೇಡ ಭಾವ, ನೀವು ಆರಾಮಾಗಿ ಕೂತಿರಿ. ಮೇಡಂ ಹೇಗೂ ಅಗ್ನಿಶಾಮಕಕ್ಕೆ ಫೋನ್ ಮಾಡ್ತಾರೆ. ಅವರು ಸ್ಟ್ರೆಚರ್ ತರ್ತಾರೆ, ಬೆಲ್ಟ್ ಕಟ್ಟಿ ಮಲಗಿಸ್ಕೊಂಡು ಹೋಗ್ತಾರೆ. ಗಂಟೆ ಹೊಡ್ಕೊಂಡು ಹೋಗೋದು ಮೇನ್ ರಸ್ತೇಲಿ. ನಿಮ್ಮ ಅಂಗಡಿ ಮುಂದೆ ಸಿಗ್ನಲ್ ಇದೆಯಲ್ಲ, ಅಲ್ಲಿ ಒಂದೆರಡು ನಿಮಿಷ ನಿಲ್ತಾರೆ. ನಿಮ್ಮ ಹುಡುಗರು, ಎದುರು ಅಂಗಡಿಯ ಟೈಲ್ಸಿನೋರು, ಎಲ್ಲ ಬಂದು ಮಾತಾಡಿಸ್ತಾರೆ."

ಗಾಳಿ ಬೀಸಿತು. ಷಡ್ಡಕ ಎದುರು ಅಂಗಡಿಯವನ ಮುಖ ನೆನೆಸಿಕೊಂಡ. ಎದ್ದ. ಪ್ಯಾಂಟಿನ ಧೂಳು ಕೊಡವಿದ.

"ಎತ್ತ ಕಡೆ?" ಎಂದ.

"ಬಾಣ ನೋಡಿ ಭಾವ."

ಷಡ್ಡಕ ನೋಡಿದ. "ಅಗೋ," ಎಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಅಗೋ, ಅಲ್ಲೊಂದು." ಮೂರನೆಯದರ ಹೊತ್ತಿಗೆ ಅವನೇ ಮುಂದೆ ನಡೆಯುತ್ತಿದ್ದ. ಸೇತುವೆ ಕಂಡಾಗ ಬೆನ್ನು ನೆಟ್ಟಗೆ ಮಾಡಿದ, ಎದೆ ಮುಂದೆ ಮಾಡಿದ, ದುರ್ಬೀನು ಒರೆಸಿದ.

"ಎಲ್ಲಿ ಹೋಗಿದ್ರಿ?" ಎಂದರು ಮೇಡಂ.

"ಪರೀಕ್ಷೆ ಮಾಡ್ತಿದ್ದೆ ಮೇಡಂ! ಬೇಕು ಅಂತಲೇ ದಾರಿ ತಪ್ಪಿಸ್ಕೊಂಡೆ. ಬಾಣ ಒಬ್ಬ ಮನುಷ್ಯನ್ನ ನಡು ಗುಡ್ಡದಿಂದ ವಾಪಸ್ ತರುತ್ತೋ ಇಲ್ವೋ ನೋಡಬೇಕಲ್ಲ. ತಂತು. ಕೆಲಸ ಪರವಾಗಿಲ್ಲ. ವ್ಯಾಪಾರಿಗಳ ಸಂಘದ ಪರವಾಗಿ ಹೇಳ್ತಿದೀನಿ."

ರಿವರ್ಸಣ್ಣ ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು. ಬಾಯಿ ಮುಚ್ಚಿದ.

"ಹಾಗಿದ್ರೆ ಪಾಸು," ಎಂದರು ಮೇಡಂ. "ಬಾಣ ಹೀಗೇ ಇರಲಿ, ಕರಪತ್ರ ಬದಲಾಯಿಸ್ತೀನಿ. ಆ ಮನೆ ಒಳಗಿಂದ ಹೋಗೋದೊಂದು..."

"ಅದನ್ನ ಮುಟ್ಟಬೇಡಿ ಅಂತ ನನ್ನ ಹೆಂಡತಿ ಹೇಳಿ ಕಳಿಸಿದಾಳೆ," ಎಂದ ಗಾರ್ಡು ನೆಲ ನೋಡುತ್ತಾ. "ಜನ ಓಡಾಡ್ತಾ ಇದ್ರೆ ನಾನು ಹಗಲು ಮಲಗಲ್ಲ ಅಂತೆ."

ಸುತ್ತುದಾರಿ ಈಗ ಪ್ರಸಿದ್ಧವಾಗಿದೆ. ಒಬ್ಬರೂ ಕಳೆದುಹೋಗಿಲ್ಲ. ಗಾರ್ಡಮ್ಮನ ಚಹಾ ಕೂಡ ಕರಪತ್ರದಲ್ಲಿ ಬಂದಿದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ರಿವರ್ಸಣ್ಣ ಟೈಲ್ಸ್ ಅಂಗಡಿಗೆ ಹೋದದ್ದು ನಿಜ. ಹೋದದ್ದು ತನ್ನ ಹಳೇ ಅಂಗಿಯಲ್ಲಿ, ಕೈಯಲ್ಲಿ ಡಬ್ಬ ಹಿಡಿದು. ಷಡ್ಡಕನೇ ಹೇಳಿ ಕಳಿಸಿದ್ದ. ಅಂಗಡಿ ದೊಡ್ಡದು, ಗಿರಾಕಿಗಳಿಗೆ ಒಳಗೆ ಯಾವುದು ಎಲ್ಲಿದೆ ತಿಳಿಯುವುದಿಲ್ಲ, ಗುಡ್ಡದಲ್ಲಿ ಹಾಕಿದ ಹಾಗೆ ಒಂದಷ್ಟು ಬಾಣ ಹಾಕಿಕೊಡು ಎಂದು. ರಿವರ್ಸಣ್ಣ ಬಾಗಿಲಿನಿಂದ ಶುರುಮಾಡಿ, ಒಂದೊಂದನ್ನೂ ಹಿಂದೆ ಸರಿದು ನೋಡುತ್ತಾ, ಅಡುಗೆಮನೆ ಟೈಲ್ಸು, ಬಾತ್‌ರೂಮ್ ಟೈಲ್ಸು, ಗೋಡೌನು, ಎಲ್ಲವನ್ನೂ ದಾಟಿ, ಮಧ್ಯಾಹ್ನದ ಹೊತ್ತಿಗೆ ಬೆನ್ನಿನಿಂದ ಮತ್ತೆ ಬಾಗಿಲಿಗೇ ಬಂದು ಸೇರಿದ.

ಈಗ ಅಂಗಡಿಗೆ ಬಂದವರು ಯಾರೂ ತಬ್ಬಿಬ್ಬಾಗುವುದಿಲ್ಲ. ಬಾಣ ಹಿಡಿದು ಒಳಗೆ ಹೋಗುತ್ತಾರೆ, ಇರುವುದನ್ನೆಲ್ಲ ಕಣ್ತುಂಬ ನೋಡುತ್ತಾರೆ, "ಎಷ್ಟು ಚೆನ್ನಾಗಿದೆ" ಎನ್ನುತ್ತಾರೆ, ಬಾಣ ಹಿಡಿದೇ ಬೀದಿಗೆ ವಾಪಸ್ ಬರುತ್ತಾರೆ. ದಾರಿಯಲ್ಲಿ ಗಲ್ಲಾಪೆಟ್ಟಿಗೆ ಮಾತ್ರ ಸಿಗುವುದಿಲ್ಲ.